ಊಟಕ್ಕೆ ಬಹಿಷ್ಕಾರವಿಲ್ಲ

ಮಹಾಶಯರಾದ ಸೋಲ್ಬರಿ ಪ್ರಭುಗಳಿಗೆ,

ತಾವು 1971ರಲ್ಲೇ ತೀರಿಕೊಂಡಿರಿ, ಉತ್ತರ ಬರೆಯಲಾರಿರಿ. ನಮ್ಮ ಕಚೇರಿಗಳಲ್ಲಿ ಬದುಕಿರುವವರೂ ಬರೆಯುವುದಿಲ್ಲವಾದ್ದರಿಂದ ನನಗೇನೂ ಬೇಸರವಿಲ್ಲ.

ಇವತ್ತು ಬೆಳಿಗ್ಗೆಯಿಂದ ಒಂದು ಕಚೇರಿಯ ಬೆಂಚಿನ ಮೇಲೆ ಕೂತಿದ್ದೆ. ಮೊನ್ನೆ ತಾನೇ ಅದೇ ಗೇಟಿನೆದುರು ಸಾಹೇಬರಿಗೆ ಧಿಕ್ಕಾರ ಕೂಗಿದ್ದ ಮುಖಂಡರೊಬ್ಬರು ಪಕ್ಕದ ಬಾಗಿಲಿನಿಂದ ಒಳಹೋಗಿ ಸಾಹೇಬರ ಜೊತೆ ಕಾಫಿ ಕುಡಿದು, ಕೆಲಸ ಮುಗಿಸಿಕೊಂಡು ಬಂದರು. ನನ್ನ ಸರದಿ ಬಂದಾಗ ಗುಮಾಸ್ತ ತಲೆಯೆತ್ತದೆ ಅಂದ: "ನಿಮ್ಮಪ್ಪನ ಜನನ ಪ್ರಮಾಣಪತ್ರ ಎಲ್ರೀ?" ಆಗ ನೆನಪಾದದ್ದು ತಾವು, ತಮ್ಮ ಸಿಲೋನು, ಅಂದರೆ ಇಂದಿನ ಶ್ರೀಲಂಕಾ.

ಸಿಲೋನಿಗೆ ಎಂಥ ಸಂವಿಧಾನ ಬೇಕೆಂದು ವಿಚಾರಿಸಲು ಬ್ರಿಟಿಷ್ ಸರ್ಕಾರ ಕಳಿಸಿದ ಆಯೋಗವಾಗಿ 1944ರ ಡಿಸೆಂಬರಿನಲ್ಲಿ ತಾವು ಮೂವರು ಕಮಿಷನರುಗಳು ಕೊಲಂಬೊದಲ್ಲಿ ಇಳಿದಿರಿ. ಅಲ್ಲಿನ ಮಂತ್ರಿಗಳಿಗೆ ಸಿಟ್ಟು. ಮಂತ್ರಿಗಳ ಸಂವಿಧಾನದ ಕರಡನ್ನು ಮಾತ್ರ ನೋಡಬೇಕಾದವರು ಅಲ್ಪಸಂಖ್ಯಾತರನ್ನೂ ವಿಚಾರಿಸುತ್ತೀರೆಂದರೆ ಹೇಗೆ? ಕರಡು ವಾಪಸ್, ಆಯೋಗಕ್ಕೆ ಬಹಿಷ್ಕಾರ! ಎಂಥಾ ಬಹಿಷ್ಕಾರ ಸ್ವಾಮಿ ಅದು! ಮಂತ್ರಿಗಳ ಮುಖಂಡ ಡಿ.ಎಸ್. ಸೇನಾನಾಯಕೆ ಬಹಿರಂಗ ವಿಚಾರಣೆಯ ಕಡೆ ತಲೆಹಾಕಲಿಲ್ಲ. ಖಾಸಗಿಯಾಗಿ ತಮ್ಮನ್ನು ಕಾಣುತ್ತಲೇ ಇದ್ದರು. ನಡುವೆ ಓಡಾಡಿ ಭೇಟಿ ಕೂಡಿಸಿದವರು ಅವರ ಆಪ್ತ ಆಲಿವರ್ ಗುಣತಿಲಕೆ. ಕಾನೂನು ಪಂಡಿತ ಐವರ್ ಜೆನ್ನಿಂಗ್ಸ್ ಬರೆದುಕೊಟ್ಟಿದ್ದ, ಮಂತ್ರಿಗಳು ವಾಪಸ್ ಪಡೆದ ಆ ಕರಡು ಅಚ್ಚಾಗಿ ತಮ್ಮ ಮೇಜಿನ ಮೇಲೇ ಇತ್ತು. ಆಯೋಗಕ್ಕೆ ಬಹಿಷ್ಕಾರ, ಊಟಕ್ಕಿಲ್ಲ.

ಪಾಪ, ಬಾಗಿಲು ತೆರೆದಿದೆ ಎಂದು ನಂಬಿದವರು ಮುಂದಿನ ಬಾಗಿಲಲ್ಲೇ ಬಂದರು. ತಮಿಳರ ಮುಖಂಡ ಜಿ.ಜಿ. ಪೊನ್ನಂಬಲಂ ಶಾಸನಸಭೆಯಲ್ಲಿ ಸಿಂಹಳೀಯರಿಗೂ ಅಲ್ಪಸಂಖ್ಯಾತರಿಗೂ ಐವತ್ತಕ್ಕೆ ಐವತ್ತು ಪಾಲು ಬೇಕೆಂದು ಗಂಟೆಗಟ್ಟಲೆ ವಾದಿಸಿದರು. ತೋಟದ ಕೂಲಿಗಳ ಪರವಾಗಿ ಸಿಲೋನ್ ಇಂಡಿಯನ್ ಕಾಂಗ್ರೆಸ್ಸೂ ಅಹವಾಲು ಕೊಟ್ಟಿತು. 1945ರಲ್ಲಿ ತಮ್ಮ ವರದಿ ಬಂತು. ಒಂದು ಮೇಲ್ಮನೆ ಸೇರಿಸಿದ್ದು ಬಿಟ್ಟರೆ ಮುಖ್ಯವಾಗಿ ಬಹಿಷ್ಕಾರ ಹಾಕಿದವರ ಕರಡೇ!

ಸೇನಾನಾಯಕೆ ಪ್ರಧಾನಿಯಾದರು. ಪೊನ್ನಂಬಲಂ 1948ರಲ್ಲಿ ಅವರದೇ ಸಂಪುಟದ ಮಂತ್ರಿ. ತಾವು 1949ರಲ್ಲಿ ಗವರ್ನರ್ ಜನರಲ್. ತಮ್ಮ ನಂತರ ಅದೇ ಕುರ್ಚಿಗೆ ಗುಣತಿಲಕೆ. ಬಹಿಷ್ಕಾರದಿಂದ ಇಷ್ಟು ಜನ ಉದ್ಧಾರವಾದದ್ದು ನಾನು ಬೇರೆಲ್ಲೂ ಕಂಡಿಲ್ಲ.

ಉದ್ಧಾರವಾಗದವರು ಚಹಾ ತೋಟದ ಲೈನ್ ಮನೆಗಳಲ್ಲಿದ್ದರು. 1948ರ ಪೌರತ್ವ ಕಾಯಿದೆ ಅವರನ್ನು ಕೇಳಿತು: ನಿನ್ನಪ್ಪ ಇಲ್ಲೇ ಹುಟ್ಟಿದ್ದಕ್ಕೆ ಕಾಗದ ಎಲ್ಲಿ? ಅದಿಲ್ಲವೇ, ನಿನ್ನ ತಾತ, ಮುತ್ತಾತ ಇಬ್ಬರೂ ಇಲ್ಲೇ ಹುಟ್ಟಿದ್ದಕ್ಕೆ? ಮುತ್ತಾತನಂತೆ! ತಮಿಳುನಾಡಿನಿಂದ ಹಡಗು ಹತ್ತಿ ಬಂದು ಗುಡ್ಡ ಕಡಿದು ತೋಟ ಎಬ್ಬಿಸಿದವರ ಮಕ್ಕಳು ಯಾವ ದಫ್ತರದಿಂದ ತರಬೇಕಿತ್ತು ಆ ಕಾಗದ? ಸುಮಾರು ಏಳು ಲಕ್ಷ ಜನ ಯಾವ ದೇಶದವರೂ ಅಲ್ಲದೆ ಉಳಿದರು. ತಮ್ಮ ಜೊತೆ ಊಟಕ್ಕೆ ಕೂತ ಒಬ್ಬರನ್ನಾದರೂ ಮುತ್ತಾತನ ಕಾಗದ ಕೇಳಿದ್ದರೇ? ಸಿಟ್ಟು ಬರುತ್ತದೆ ಪ್ರಭುಗಳೇ, ವ್ಯಂಗ್ಯ ಬಾಯಿಗೆ ಬರುತ್ತಿಲ್ಲ.

ಯಾವುದೇ ಸಮುದಾಯಕ್ಕೆ ಅನ್ಯಾಯವಾಗಬಾರದೆಂದು ತಮ್ಮ ವರದಿಯ ಮೇಲೆ ಬಂದ ಸಂವಿಧಾನದಲ್ಲಿ 29ನೇ ವಿಧಿ ಇತ್ತಲ್ಲ, ಅದನ್ನು ಹಿಡಿದು ಕೂಲಿಗಳ ಕಡೆಯವರು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋದರು. 1953ರಲ್ಲಿ ತೀರ್ಪು ಬಂತು: ಕಾಯಿದೆ ಸರಿಯಾಗಿದೆ. ಆಗ ಕೊಲಂಬೊದಲ್ಲಿ ಗವರ್ನರ್ ಜನರಲ್ ಆಗಿ ಕೂತಿದ್ದವರು ತಾವೇ.

ಇಂತಿ,
ಅಪ್ಪನ ಕಾಗದ ಹುಡುಕುತ್ತಿರುವ ಒಬ್ಬ ಅರ್ಜಿದಾರ