ನಾಲ್ಕನೇ ನಂಬರಿನ ಗಾಳಿ

ಬೆಂಗಳೂರಿನ ಮಾಗಡಿ ರಸ್ತೆಯಿಂದ ಕೆಂಗೇರಿಯವರೆಗೆ ಹಬ್ಬಿರುವ ಲಾರಿ ರಿಪೇರಿ ಪರಂಪರೆಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ. ಕ್ಯಾಬಿನ್ನಿನ ಬ್ಲೋವರ್ ಫ್ಯಾನು ನಿಂತರೆ ಅದನ್ನು ಓಡಿಸಿಕೊಟ್ಟು, ಮುಂದಿನ ತಿಂಗಳು ಮತ್ತೆ ನಿಲ್ಲುವುದಕ್ಕೂ ಅವಕಾಶ ಉಳಿಸಿಕೊಡುವ ಸೌಜನ್ಯ ಬೇರೆ ಯಾವ ಕಸುಬಿನಲ್ಲಿದೆ?

ರೋಗಲಕ್ಷಣ ಡ್ರೈವರುಗಳಿಗೆಲ್ಲ ಬಾಯಿಪಾಠ. ನಾಬು ಒಂದು, ಎರಡು, ಮೂರರಲ್ಲಿದ್ದರೆ ಸದ್ದೇ ಇಲ್ಲ. ನಾಲ್ಕಕ್ಕೆ ತಿರುಗಿಸಿದರೆ ಬಿರುಗಾಳಿ. ಮೊದಲ ಮೂರು ವೇಗಕ್ಕೆ ಕರೆಂಟು ರೆಸಿಸ್ಟರ್ ಮೂಲಕ ಹಾಯುತ್ತದೆ, ನಾಲ್ಕಕ್ಕೆ ನೇರ. ರೆಸಿಸ್ಟರ್ ಸುಟ್ಟರೆ ಉಳಿಯುವುದು ಆ ನಾಲ್ಕೊಂದೇ. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡ ಡ್ರೈವರಿಗೆ ಇದರಿಂದ ಎಷ್ಟು ಉಪಕಾರ! ಲೋಡು ಯಾಕೆ ಇನ್ನೂ ಬಂದಿಲ್ಲವೆಂದು ಪಾರ್ಟಿ ಫೋನಿನಲ್ಲಿ ಕೂಗಾಡುವುದು ಒಂದಕ್ಷರವೂ ಕೇಳಿಸುವುದಿಲ್ಲ.

ಮೆಕ್ಯಾನಿಕ್ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಕನೆಕ್ಟರ್ ಎಳೆದು, ಕರಗಿ ಕಂದಿದ ಪ್ಲಾಸ್ಟಿಕ್ಕನ್ನು ಒಮ್ಮೆ ಮೂಸಿ, ‘ರೆಸಿಸ್ಟರ್ ಹೋಗಿದೆ ಸಾರ್’ ಎನ್ನುತ್ತಾನೆ. ಯಾಕೆ ಹೋಯಿತು ಎಂದು ಸಾವಿನ ಮನೆಯಲ್ಲಿ ವಿಚಾರಣೆ ನಡೆಸುವ ಅವಿವೇಕ ಅವನಲ್ಲಿಲ್ಲ. ಹೊಸ ರೆಸಿಸ್ಟರ್, ಅದೇ ಕರಗಿದ ಕನೆಕ್ಟರ್, ಮೇಲೆ ಎರಡು ಸುತ್ತು ಕರಿ ಟೇಪು. ಫ್ಯೂಸ್ ಪದೇ ಪದೇ ಹೋಗುತ್ತಿದೆಯೇ? ಇನ್ನೂ ಹೆಚ್ಚು ಆಂಪಿಯರಿನದು ಚುಚ್ಚಿದರಾಯಿತು. ಆಮೇಲೆ ಫ್ಯೂಸ್ ಹೋಗುವುದಿಲ್ಲ, ವೈರಿಂಗೇ ಹೋಗುತ್ತದೆ. ಫ್ಯೂಸಿನ ಹೊಣೆಗೆ ಬಡ್ತಿ ಸಿಕ್ಕಂತೆ.

ಮೋಟರಿನ ಬುಷ್ ಸವೆದು ತಿರುಗಲು ತಿಣುಕಿದರೆ ಅದು ಹೆಚ್ಚು ಕರೆಂಟು ಎಳೆಯುತ್ತದೆ. ರೆಸಿಸ್ಟರನ್ನು ಗಾಳಿಯ ದಾರಿಯಲ್ಲೇ ಕೂರಿಸಿರುವುದು ಆ ಫ್ಯಾನಿನ ಗಾಳಿಯಿಂದಲೇ ಅದು ತಣ್ಣಗಿರಲೆಂದು. ಫಿಲ್ಟರು ಧೂಳಿನಿಂದ ಕಟ್ಟಿದರೆ ಬಡಪಾಯಿ ಕುದ್ದುಹೋಗುತ್ತದೆ. ಇದೆಲ್ಲ ಪುಸ್ತಕದ ಮಾತು. ಮೋಟರಿನ ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿದರೆ ಎರಡು ನಿಮಿಷದಲ್ಲಿ ಗುಟ್ಟು ರಟ್ಟಾಗುತ್ತದಂತೆ. ನಿಜವೇ. ಆದರೆ ಎರಡು ನಿಮಿಷದ ಕೆಲಸಕ್ಕೆ ಯಾರು ದುಡ್ಡು ಕೊಟ್ಟಾರು?

ಹಾಗಂತ ಲಾರಿಯ ಆರೈಕೆ ಆಗುವುದೇ ಇಲ್ಲ ಎನ್ನುವಂತಿಲ್ಲ. ಆಯುಧಪೂಜೆಯ ದಿನ ಕಾಮಾಕ್ಷಿಪಾಳ್ಯ, ರಾಜಾಜಿನಗರದ ಬೀದಿಗಳಲ್ಲಿ ನೋಡಬೇಕು: ಬಾಳೆಕಂದು, ಚಕ್ರದಡಿ ನಿಂಬೆಹಣ್ಣು, ಕುಂಕುಮ ತುಂಬಿದ ಬೂದುಗುಂಬಳ, ಮುಂಭಾಗದ ತುಂಬ ಚೆಂಡುಹೂವಿನ ಹಾರ. ಹಾರ ಒಣಗಿ ಎಸಳು ಉದುರುತ್ತವೆ. ಕೆಲವು ಗಾಳಿ ಹೀರುವ ಜಾಲರಿಯನ್ನು ದಾಟಿ ಬ್ಲೋವರಿನ ಗೂಡು ಸೇರಿ, ಫ್ಯಾನಿನ ರೆಕ್ಕೆಗಳ ಸಂದಿಯಲ್ಲಿ ಮೆತ್ತಿಕೊಳ್ಳುತ್ತವೆ. ಗೂಡು ಬಿಚ್ಚಿದರೆ ಹೋದ ವರ್ಷದ ನಿರ್ಮಾಲ್ಯ. ಅದನ್ನು ಕಾಲಿಗೆ ಸಿಗುವ ಹಾಗೆ ಕೆಳಗೆ ಉದುರಿಸುವುದುಂಟೇ? ಆದ್ದರಿಂದ ಬಿಚ್ಚುವುದಿಲ್ಲ.

ಮಿತವ್ಯಯವನ್ನೂ ಮೆಚ್ಚಬೇಕು. ಹೀಟರಿಗೂ ಏಸಿಗೂ ಫ್ಯಾನು ಒಂದೇ, ಒಂದು ಕೆಟ್ಟರೆ ಎರಡೂ ಕೆಟ್ಟಂತೆ. ಈ ಊರು 1884ರ ಜನವರಿಯಲ್ಲಿ 7.8 ಡಿಗ್ರಿ ಚಳಿ ಕಂಡಿದೆ, 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಸೆಕೆ ಕಂಡಿದೆ. ಎರಡಕ್ಕೂ ಒಂದೇ ರೆಸಿಸ್ಟರಿನಲ್ಲಿ ಉತ್ತರ ಕೊಡದೇ ಇರುವ ಅನುಕೂಲ ನಮಗಿದೆ.

ಸರ್ಕಾರವೂ ಕೈಜೋಡಿಸಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ, ಒಟ್ಟು ತೂಕ 3.5 ಟನ್ ಮೀರಿದ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯ. ಬಿಸಿಲಲ್ಲಿ ಬೆಂದು ಗಾಡಿ ಓಡಿಸುವವನ ಮೇಲಿನ ಕರುಣೆ ಅದು. ಮಾಲೀಕರು ಅಕ್ಷರಶಃ ಪಾಲಿಸುತ್ತಾರೆ: ಏಸಿ ಇದೆ, ಅದರ ಬಟನ್ನು ಇದೆ, ಬಟನ್ನಿನ ಹಸಿರು ದೀಪವೂ ಉರಿಯುತ್ತದೆ. ಡ್ರೈವರಿಗೆ ಸೆಕೆಯಾದರೆ ಕಿಟಕಿ ಇದೆಯಲ್ಲ. ಕಿಟಕಿಗೆ ರೆಸಿಸ್ಟರ್ ಇಲ್ಲವಾದ್ದರಿಂದ ಅದೊಂದು ಇನ್ನೂ ಕೆಲಸ ಮಾಡುತ್ತಿದೆ. ಮೆಕ್ಯಾನಿಕ್ ಅದರ ಬಗ್ಗೆಯೂ ಯೋಚಿಸುತ್ತಿದ್ದಾನೆ.