ಅಂಗಣಪ್ರವೇಶ ಮೀಮಾಂಸೆ

ಟಿಕೆಟ್ ಕೊಂಡು ಕೂತವನು ದಿಢೀರನೆ ಎದ್ದು, ಬೇಲಿ ಹಾರಿ, ಮೈದಾನದ ನಡುವಿಗೆ ಓಡಿದರೆ ಅವನು ಪ್ರೇಕ್ಷಕನೋ, ಆಟಗಾರನೋ, ಆರೋಪಿಯೋ? ಇಂಥ ಮೂಲಭೂತ ಪ್ರಶ್ನೆಯನ್ನು ನಮ್ಮ ಪೂರ್ವಸೂರಿಗಳು ಕೈಬಿಟ್ಟಿರುವುದು ವಿಷಾದದ ಸಂಗತಿ. ಭರತಮುನಿ ನಾಟ್ಯಗೃಹದ ಉದ್ದಗಲವನ್ನು ಮೊಳದ ಲೆಕ್ಕದಲ್ಲಿ ಕೊಟ್ಟ, ಪ್ರೇಕ್ಷಕನಿಗೆ ಇರಬೇಕಾದ ಗುಣಗಳನ್ನೂ ಹೇಳಿದ. ಆದರೆ ಆ ಗುಣವಂತ ರಂಗಕ್ಕೇ ಹಾರಿದರೆ ಅವನನ್ನು ಹಿಡಿಯುವವರು ಯಾರು ಎಂಬಲ್ಲಿಗೆ ನಮ್ಮ ವಿದ್ವತ್ತು ನಿಂತುಹೋಗಿದೆ. ಈ ಕೊರತೆಯನ್ನು ತುಂಬಲು, ಯಾವ ವಿಶ್ವವಿದ್ಯಾಲಯವೂ ಕೇಳದಿದ್ದರೂ, ಪ್ರಸ್ತುತ ಪ್ರಬಂಧ.

ಮೊದಲು ಲಕ್ಷಣ. ಹಗ್ಗ ದಾಟಿದವನು, ಕರೆಯದೆ ಬಂದವನು, ಬೆನ್ನ ಹಿಂದೆ ಅಟ್ಟಿಸಿಕೊಂಡು ಬರುವವರನ್ನು ಉಳ್ಳವನು, ಇವನೇ ಪ್ರವೇಶಕ. ಮೂರನೆಯ ಲಕ್ಷಣವನ್ನು ಕಡ್ಡಾಯವಾಗಿ ಹೇಳಲೇಬೇಕು. ಇಲ್ಲದಿದ್ದರೆ ಹೇಳಿ ಕಳಿಸದಿದ್ದರೂ ಗ್ಲೌಸ್ ನೆಪದಲ್ಲಿ ಓಡಿಬರುವ ಹನ್ನೆರಡನೆಯ ಆಟಗಾರನೂ ಇದರೊಳಗೆ ಸೇರಿ ಅತಿವ್ಯಾಪ್ತಿ ದೋಷ ಬರುತ್ತದೆ. 1971ರ ಆಗಸ್ಟ್‌ನಲ್ಲಿ, ಗಣೇಶ ಚೌತಿಯ ಹೊತ್ತಿಗೆ, ಲಂಡನ್ನಿನ ಓವಲ್ ಮೈದಾನಕ್ಕೆ ಭಾರತದ ಅಭಿಮಾನಿಗಳು ಬೆಲ್ಲಾ ಎಂಬ ಆನೆಯನ್ನು ಮೃಗಾಲಯದಿಂದ ಕರೆತಂದಿದ್ದರು. ನಮ್ಮ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಉರುಳಿಸಿದ ಪಂದ್ಯವದು. ಆನೆಯನ್ನು ಯಾರೂ ಅಟ್ಟಿಸಿಕೊಂಡು ಹೋಗಲಿಲ್ಲವಾದ್ದರಿಂದ ಅದು ಪ್ರವೇಶಕ ಅಲ್ಲ, ಅತಿಥಿ. 2016ರಲ್ಲಿ ವಿಶಾಖಪಟ್ಟಣದ ಟೆಸ್ಟ್‌ಗೆ ನುಗ್ಗಿದ ನಾಯಿಯಾದರೋ ಶುದ್ಧ ಪ್ರವೇಶಕ. ಅದನ್ನು ಹಿಡಿಯುವುದು ಆಗದ ಮಾತೆಂದು ಅಂಪೈರ್‌ಗಳು ಚಹಾ ವಿರಾಮವನ್ನೇ ಮುಂಚಿತವಾಗಿ ಘೋಷಿಸಿದರು. ನಾಯಿಗೂ ಮನುಷ್ಯನಿಗೂ ಒಂದೇ ಸಾಲೇ ಎಂದು ಆಕ್ಷೇಪಿಸುವವರಿಗೆ ಉತ್ತರ: ಕ್ರಿಕೆಟ್ ನಿಯಮ ರೂಪಿಸುವ ಎಂಸಿಸಿಯ 2022ರ ನಿಯಮಾವಳಿಯೇ ‘ವ್ಯಕ್ತಿ, ಪ್ರಾಣಿ ಅಥವಾ ಇತರ ವಸ್ತು’ ಎಂದು ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದೆ. ಇವರಲ್ಲಿ ಯಾರಿಂದ ಯಾವ ತಂಡಕ್ಕೆ ತೊಂದರೆಯಾದರೂ ಚೆಂಡು ಡೆಡ್.

ಇನ್ನು ಪ್ರಯೋಜನ. ಪ್ರವೇಶಕ ಒಳಗೆ ಹೋಗುವುದು ಏತಕ್ಕೆ? ಕೊಡುವುದಕ್ಕೆ ಹೋದವರು ವಿರಳ. 1960ರಲ್ಲಿ ಮುಂಬೈನ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ ಅರ್ಧಶತಕ ಹೊಡೆದ ಅಬ್ಬಾಸ್ ಅಲಿ ಬೇಗ್ ಅವರ ಕೆನ್ನೆಗೆ ತರುಣಿಯೊಬ್ಬಳು ಓಡಿಬಂದು ಮುತ್ತು ಕೊಟ್ಟು ಹೋದಳು. ದಾನಪರಂಪರೆ ಬಹುತೇಕ ಅಲ್ಲಿಗೇ ಮುಗಿಯಿತು. ಉಳಿದವರೆಲ್ಲ ಒಯ್ಯಲು ಬಂದವರು.

ಒಯ್ಯುವ ಪಂಥದ ಆಕರಘಟ್ಟ 1975ರ ಜೂನ್ 21, ಲಾರ್ಡ್ಸ್, ಪುರುಷರ ಮೊದಲ ವಿಶ್ವಕಪ್ಪಿನ ಫೈನಲ್. ಆಸ್ಟ್ರೇಲಿಯಾದ ಕೊನೆಯ ಜೋಡಿ ಲಿಲಿ ಮತ್ತು ಥಾಮ್ಸನ್ ಕ್ರೀಸಿನಲ್ಲಿದ್ದರು. ಥಾಮ್ಸನ್ ಹೊಡೆದ ಚೆಂಡು ಕ್ಯಾಚ್ ಆಯಿತು. ವೆಸ್ಟ್ ಇಂಡೀಸ್ ಅಭಿಮಾನಿಗಳು ಗೆದ್ದೆವೆಂದು ಹಿಂಡುಹಿಂಡಾಗಿ ನುಗ್ಗಿದರು. ಆದರೆ ಅದು ನೋಬಾಲ್. ರನ್‌ಔಟ್‌ಗೆಂದು ಎಸೆದ ಚೆಂಡು ಗುರಿ ತಪ್ಪಿ ಜನರ ಕಾಲ ನಡುವೆ ಎಲ್ಲೋ ಮಾಯವಾಯಿತು. ಬ್ಯಾಟ್ಸ್‌ಮನ್‌ಗಳಿಬ್ಬರೂ ಜನಜಂಗುಳಿಯ ನಡುವೆಯೇ ಓಡಿ ರನ್ ಕದಿಯುತ್ತಿದ್ದರು! ಕ್ರೀಡೆಯ ಚರಿತ್ರೆಯಲ್ಲಿ ಪ್ರವೇಶಕರೇ ಫೀಲ್ಡರುಗಳಾದ ಇಂಥ ಪ್ರಸಂಗ ಅಪರೂಪ, ಅದೂ ಚೆಂಡನ್ನು ಎಸೆಯದ ಫೀಲ್ಡರುಗಳು. ಕೊನೆಗೆ ವೆಸ್ಟ್ ಇಂಡೀಸ್ 17 ರನ್ನಿನಿಂದ ಗೆದ್ದಾಗ ಜನ ಎರಡನೆಯ ಸಲ ನುಗ್ಗಿದರು, ಅಂಪೈರ್ ಡಿಕಿ ಬರ್ಡ್ ಅವರ ಬಿಳಿ ಟೋಪಿ ಹೋಯಿತು. ಮುಂದೊಂದು ದಿನ ಲಂಡನ್ನಿನ ಬಸ್ಸಿನಲ್ಲಿ ಕಂಡಕ್ಟರೊಬ್ಬ ಅಂಥದೇ ಟೋಪಿ ಹಾಕಿದ್ದನ್ನು ಕಂಡು, ಎಲ್ಲಿ ಸಿಕ್ಕಿತಪ್ಪ ಎಂದು ಬರ್ಡ್ ಕೇಳಿದರಂತೆ. ವಿಶ್ವಕಪ್ ಫೈನಲ್‌ನಲ್ಲಿ ಡಿಕಿ ಬರ್ಡ್ ತಲೆಯಿಂದ ಕಿತ್ತುಕೊಂಡದ್ದು ಎಂದು ಅವನು ಹೆಮ್ಮೆಯಿಂದ ಡಿಕಿ ಬರ್ಡ್‌ಗೇ ಹೇಳಿದನಂತೆ. ಬರ್ಡ್ ಜೀವನವಿಡೀ ಹೇಳಿಕೊಂಡು ಬಂದ ಕಥೆ ಇದು. ಟೋಪಿ ಹಾಕುವವರನ್ನು ನಾವು ಬಹಳ ನೋಡಿದ್ದೇವೆ. ಕಸಿದುಕೊಂಡದ್ದನ್ನು ಒಡೆಯನೆದುರೇ ಹಾಕಿಕೊಂಡವನು ಇವನೊಬ್ಬನೇ.

1983ರ ವಿಶ್ವಕಪ್ ಫೈನಲ್ ಹೊತ್ತಿಗೆ ಆಟಗಾರರು ಪಾಠ ಕಲಿತಿದ್ದರು. ಹೋಲ್ಡಿಂಗ್ ಎಲ್‌ಬಿಡಬ್ಲ್ಯು ಆದದ್ದೇ ತಡ, ಮೊಹಿಂದರ್ ಅಮರನಾಥ್ ಸ್ಟಂಪ್ ಕಿತ್ತುಕೊಂಡು ಪೆವಿಲಿಯನ್ ಕಡೆ ಕಾಲಿಗೆ ಬುದ್ಧಿ ಹೇಳಿದರು. ಕಿರ್ಮಾನಿ, ಬಿನ್ನಿ ಆದಿಯಾಗಿ ಎಲ್ಲರದೂ ಅದೇ ಓಟ. ವಿಶ್ವವಿಜೇತರು ಅಭಿಮಾನಿಗಳಿಂದಲೇ ತಪ್ಪಿಸಿಕೊಂಡು ಓಡುವ ಆ ದೃಶ್ಯವನ್ನು ಈಗಲೂ ನೋಡಬಹುದು.

ಈಗಿನ ಪ್ರವೇಶಕನಿಗೆ ಸ್ಟಂಪ್ ಬೇಡ, ಟೋಪಿ ಬೇಡ. 2022ರ ಮಾರ್ಚ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಶ್ರೀಲಂಕಾ ವಿರುದ್ಧದ ಹಗಲುರಾತ್ರಿ ಟೆಸ್ಟ್ ನಡೆಯುತ್ತಿದ್ದಾಗ ನುಗ್ಗಿದ ಹುಡುಗರಿಗೆ ಬೇಕಿದ್ದದ್ದು ಕೊಹ್ಲಿ ಜೊತೆ ಸೆಲ್ಫಿ. ಒಬ್ಬ ತೆಗೆದುಕೊಂಡೂ ಬಿಟ್ಟ. 2024ರ ಐಪಿಎಲ್‌ನಲ್ಲಿ ಅದೇ ಮೈದಾನದಲ್ಲಿ ಮತ್ತೊಬ್ಬ ಓಡಿಬಂದು ಕೊಹ್ಲಿಯ ಕಾಲು ಹಿಡಿದ. ಈ ಪಾದನಮಸ್ಕಾರ ಸಂಪ್ರದಾಯದ ಸಂಕಟವನ್ನು ಹತ್ತಿರದಿಂದ ಗಮನಿಸಬೇಕು. ಕಟ್ಟಿರುವುದು ಪ್ಯಾಡು, ಆದ್ದರಿಂದ ಪಾದ ಸುಲಭಕ್ಕೆ ಸಿಗುವುದಿಲ್ಲ. ಒಂದು ಕೈಯಲ್ಲಿ ಬ್ಯಾಟ್ ಇದೆ, ಇನ್ನೊಂದರಲ್ಲಿ ದಪ್ಪ ಗ್ಲೌಸ್ ಇದೆ. ಆಶೀರ್ವದಿಸುವುದೋ ಬಿಡಿಸಿಕೊಳ್ಳುವುದೋ ತಿಳಿಯದೆ ದೇವರೇ ತಬ್ಬಿಬ್ಬು. ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದ ಕಾವಲುಗಾರರು ಭಕ್ತನ ಸೊಂಟ ಹಿಡಿದು ಎಳೆಯುತ್ತಾರೆ. ಗರ್ಭಗುಡಿಯಲ್ಲಾದರೆ ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದು ತಳ್ಳುತ್ತಾರೆ, ಇಲ್ಲಿ ಹಿಂದಕ್ಕೆ. ವ್ಯತ್ಯಾಸ ಅಷ್ಟೇ.

ಈಗ ನಿಗ್ರಹೋಪಾಯ. ಸಾಮ, ದಾನ, ಭೇದ, ದಂಡ ಎಂಬ ನಾಲ್ಕು ಎಲ್ಲರಿಗೂ ಗೊತ್ತು. 2021ರಲ್ಲಿ ಇಂಗ್ಲೆಂಡಿನಲ್ಲಿ ಭಾರತದ ಜೆರ್ಸಿ ತೊಟ್ಟು ಲಾರ್ಡ್ಸ್‌ನಲ್ಲಿ ಫೀಲ್ಡರ್ ಆಗಿ, ಹೆಡಿಂಗ್ಲಿಯಲ್ಲಿ ಪ್ಯಾಡ್ ಕಟ್ಟಿದ ಬ್ಯಾಟ್ಸ್‌ಮನ್ ಆಗಿ, ಓವಲ್‌ನಲ್ಲಿ ಬೌಲರ್ ಆಗಿ ಮೂರು ಅವತಾರ ತಾಳಿದ ‘ಜಾರ್ವೊ’ 2023ರ ವಿಶ್ವಕಪ್ಪಿಗೆ ಚೆನ್ನೈಗೂ ಬಂದಾಗ ಕೊಹ್ಲಿ ಹತ್ತಿರ ಹೋಗಿ ಮಾತಾಡಿಸಿದರು. ಇದು ಸಾಮ. ದಾನವೆಂದರೆ ಸೆಲ್ಫಿಗೆ ಮುಖ ಕೊಡುವುದು. ಇದರಿಂದ ರೋಗ ಹರಡುತ್ತದೆ, ಶಾಸ್ತ್ರಸಮ್ಮತವಲ್ಲ.

ಭೇದಕ್ಕೆ ಇನ್ನೂ ಉದಾಹರಣೆ ಸಿಕ್ಕಿಲ್ಲ. ದಂಡದ ವಿಷಯ ದೊಡ್ಡದು. 1982ರಲ್ಲಿ ಪರ್ತ್‌ನಲ್ಲಿ ಪ್ರವೇಶಕನೊಬ್ಬನನ್ನು ಕೆಡವಲು ಹೋದ ವೇಗಿ ಟೆರ್ರಿ ಆಲ್ಡರ್‌ಮನ್ ತಮ್ಮ ಭುಜವನ್ನೇ ಕೀಲು ತಪ್ಪಿಸಿಕೊಂಡು ವರ್ಷಕ್ಕೂ ಮಿಕ್ಕಿ ಆಟದಿಂದ ಹೊರಗುಳಿದರು. 2008ರಲ್ಲಿ ಬ್ರಿಸ್ಬೇನ್‌ನಲ್ಲಿ ಭಾರತದ ವಿರುದ್ಧದ ಫೈನಲ್‌ನಲ್ಲಿ ಆಂಡ್ರ್ಯೂ ಸೈಮಂಡ್ಸ್ ಬೆತ್ತಲೆ ಓಟಗಾರನಿಗೆ ಭುಜ ಕೊಟ್ಟರು; ಅವನು ಬಿದ್ದ, ಇವರು ನಿಂತರು. ಒಂದೇ ಉಪಾಯ, ಎರಡು ಫಲ. ಆದ್ದರಿಂದ ದಂಡ ಪ್ರಯೋಗಕ್ಕೆ ಮೈಕಟ್ಟು ಅಧಿಕಾರಿಲಕ್ಷಣ ಎಂದು ನಮ್ಮ ಮತ. ಓವಲ್‌ನಲ್ಲಿ ಜಾರ್ವೊನಿಂದ ಢಿಕ್ಕಿ ಹೊಡೆಸಿಕೊಂಡ ಜಾನಿ ಬೇರ್‌ಸ್ಟೋ, 2023ರ ಆ್ಯಷಸ್‌ನಲ್ಲಿ ಕಿತ್ತಳೆ ಪುಡಿ ಎರಚಲು ಬಂದ ಹೋರಾಟಗಾರನೊಬ್ಬನನ್ನು ಅನಾಮತ್ತಾಗಿ ಎತ್ತಿಕೊಂಡು ಹೋಗಿ ಬೌಂಡರಿಯಾಚೆ ಇಳಿಸಿ ಬಂದರು. ಅನುಭವವೇ ಗುರು ಎನ್ನುವುದಕ್ಕೆ ಇನ್ನೇನು ಪ್ರಮಾಣ ಬೇಕು?

ಹಣದ ದಂಡವೂ ಇದೆ. 1975ರ ಆಗಸ್ಟ್‌ನಲ್ಲಿ ಲಾರ್ಡ್ಸ್‌ನಲ್ಲಿ ಬೆತ್ತಲೆಯಾಗಿ ಓಡಿ ಸ್ಟಂಪುಗಳನ್ನು ಹಾರಿದ ಹಡಗಿನ ಅಡುಗೆಯವನು 20 ಪೌಂಡ್ ಪಂತ ಗೆದ್ದ. ನ್ಯಾಯಾಲಯ ಅವನಿಗೆ 20 ಪೌಂಡ್ ದಂಡ ಹಾಕಿತು. ಲೆಕ್ಕ ಚುಕ್ತಾ.

ನಾಲ್ಕರ ಮೇಲೆ ನೀತಿಶಾಸ್ತ್ರಕಾರ ಕಾಮಂದಕ ಇನ್ನೂ ಮೂರು ಉಪಾಯ ಹೇಳುತ್ತಾನೆ: ಮಾಯೆ, ಉಪೇಕ್ಷೆ, ಇಂದ್ರಜಾಲ. 2019ರಲ್ಲಿ ನಾಗಪುರದಲ್ಲಿ ಅಭಿಮಾನಿ ಬಂದಾಗ ಧೋನಿ ತಾವೇ ಓಡಿ, ಸಹ ಆಟಗಾರರ ಹಿಂದೆ ಅಡಗಿ, ಅವನನ್ನು ಸುತ್ತಿಸಿ ಸುಸ್ತು ಮಾಡಿದ್ದು ಮಾಯೆ. ಉಪೇಕ್ಷೆಯೆಂದರೆ ಟಿವಿ ಕ್ಯಾಮೆರಾ ಬೇರೆಡೆ ತಿರುಗುವುದು: ಪ್ರವೇಶಕ ಮೈದಾನದಲ್ಲಿ ಓಡುತ್ತಿದ್ದರೆ ಪರದೆಯ ಮೇಲೆ ಆಕಾಶ, ಪಾರಿವಾಳ, ಐಸ್‌ಕ್ರೀಮ್ ತಿನ್ನುವ ಮಗು. ಬಹಳ ಕಾಲ ಇದೇ ರಾಮಬಾಣವಾಗಿತ್ತು. ಈಗ ಗ್ಯಾಲರಿಯಲ್ಲಿ ಕೂತ ಪ್ರತಿಯೊಬ್ಬನ ಕೈಯಲ್ಲೂ ಕ್ಯಾಮೆರಾ ಇರುವುದರಿಂದ ಬಾಣ ಮೊಂಡಾಗಿದೆ. ಇಂದ್ರಜಾಲದ ವಿಷಯದಲ್ಲಿ ಸಂಶೋಧನೆ ನಡೆಯಬೇಕಿದೆ.

ಪೂರ್ವಪಕ್ಷ: ಪಾಪ, ಅಭಿಮಾನ ತಾನೆ, ಒಂದು ಗಳಿಗೆಯ ಸಂಭ್ರಮ, ಬಿಟ್ಟುಬಿಡಬಾರದೆ? ಇಲ್ಲಿ ಶಾಸ್ತ್ರ ನಗುವುದನ್ನು ನಿಲ್ಲಿಸಬೇಕಾಗುತ್ತದೆ. 1993ರ ಏಪ್ರಿಲ್ 30ರಂದು ಹ್ಯಾಂಬರ್ಗ್‌ನಲ್ಲಿ ಟೆನಿಸ್ ಆಟದ ನಡುವೆ ಕುರ್ಚಿಯಲ್ಲಿ ಕೂತಿದ್ದ ಮೋನಿಕಾ ಸೆಲೆಸ್ ಬೆನ್ನಿಗೆ ಚೂರಿ ಹಾಕಿದವನೂ ಅಭಿಮಾನಿಯೇ, ಸ್ಟೆಫಿ ಗ್ರಾಫ್‌ಳ ಅಭಿಮಾನಿ. ಸೆಲೆಸ್ ಎರಡು ವರ್ಷಕ್ಕೂ ಹೆಚ್ಚು ಕಾಲ ಅಂಕಣಕ್ಕೆ ಮರಳಲಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಮುಂದಿದ್ದ ಬ್ರೆಜಿಲ್‌ನ ವಾಂಡರ್ಲಿ ಡಿ ಲಿಮಾರನ್ನು ಒಬ್ಬ ರಸ್ತೆಬದಿಗೆ ತಳ್ಳಿಕೊಂಡು ಹೋದ. ಡಿ ಲಿಮಾಗೆ ಸಿಕ್ಕಿದ್ದು ಕಂಚು. ಓಡಿಬರುವವನ ಕೈಯಲ್ಲಿರುವುದು ಮೊಬೈಲೋ ಮತ್ತೊಂದೋ ಎಂದು ನಿರ್ಧರಿಸಲು ಕಾವಲುಗಾರನಿಗೆ ಸಿಗುವುದು ಕೆಲವೇ ಕ್ಷಣ.

ಸಿದ್ಧಾಂತ: ಹಿಡಿಯುವುದು ಆಟಗಾರನ ಕೆಲಸವಲ್ಲ, ಕಾವಲುಗಾರನದು. ಅವನನ್ನೂ ಒಮ್ಮೆ ನೋಡಿ. ಹಗ್ಗದ ಪಕ್ಕ ಪ್ಲಾಸ್ಟಿಕ್ ಕುರ್ಚಿ, ಮುಖ ಜನರ ಕಡೆ, ಬೆನ್ನು ಆಟದ ಕಡೆ. ಇಡೀ ಕ್ರೀಡಾಂಗಣದಲ್ಲಿ ಪಂದ್ಯ ನೋಡಬಾರದೆಂಬ ಕಟ್ಟಪ್ಪಣೆ ಇರುವುದು ಅವನಿಗೊಬ್ಬನಿಗೇ. ಸಿಕ್ಸರ್ ಹೋದದ್ದು ಅವನಿಗೆ ತಿಳಿಯುವುದು ನಮ್ಮ ಬಾಯಿಯ ಅಗಲದಿಂದ. ಆದ್ದರಿಂದ ಓದುಗರಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಮುಂದಿನ ಸಾಲಿನಲ್ಲಿ ಸೀಟು ಸಿಕ್ಕರೆ ಬೇಲಿ ಹಾರಬೇಡಿ; ಕೂತಲ್ಲಿಂದಲೇ ಅವನಿಗೆ ಸ್ಕೋರ್ ಎಷ್ಟಾಯಿತೆಂದು ಕೂಗಿ ಹೇಳಿ.