ಮಾಗಿಯ ಚಳಿ, ಸೊಂಟದ ಪುರಾಣ

ಮಾಗಿಯ ಚಳಿ ಬಿತ್ತೆಂದರೆ ಗದಗ-ಬೆಟಗೇರಿಯಲ್ಲಿ ಮಫ್ಲರುಗಳಿಗೆ ಕಾಲು ಬರುತ್ತವೆ. ನಸುಕಿನಲ್ಲಿ ಭೀಷ್ಮ ಕೆರೆಯ ದಂಡೆಯ ಮೇಲೆ ಮುಖಗಳು ಕಾಣುವುದಿಲ್ಲ. ಮಂಕಿ ಟೋಪಿಯಿಂದ ಇಣುಕುವ ಮೂಗುಗಳಷ್ಟೇ. ಎಲ್ಲ ಮೂಗುಗಳದೂ ಒಂದೇ ಪುರಾಣ: "ಸೊಂಟ ಹಿಡದೈತ್ರೀ!"

ಬೆನ್ನುಮೂಳೆಗಳ ನಡುವಿನ ಡಿಸ್ಕುಗಳಿಗೆ, ದೊಡ್ಡವರಾದ ಮೇಲೆ, ನೇರ ರಕ್ತಸಂಚಾರ ಇಲ್ಲವೆನ್ನುವಷ್ಟು ಕಡಿಮೆ. ನಾವು ಓಡಾಡಿದಾಗ ಅವು ಸ್ಪಂಜಿನಂತೆ ಕುಗ್ಗಿ, ಸಡಿಲಾಗಿ ಪೋಷಣೆ ಹೀರಿಕೊಳ್ಳುತ್ತವೆ. ಕುಂತೇ ಇದ್ದವರ ಡಿಸ್ಕಿಗೆ ಉಪವಾಸ. ಬೆಟಗೇರಿಯ ಮಗ್ಗದ ಮುಂದೆ ಕುಂತವರಿಗೂ ಕಂಪ್ಯೂಟರಿನ ಮುಂದೆ ಕುಂತವರಿಗೂ ನ್ಯಾಯ ಒಂದೇ.

ಓಡಾಡಲು ಇಲ್ಲಿ ಜಾಗಕ್ಕೇನೂ ಬರವಿಲ್ಲ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಿಗೆ ಹಬ್ಬಿದ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರುವಾಸಿ. 2019ರಲ್ಲಿ ವನ್ಯಜೀವಿಧಾಮವೂ ಆಯಿತು. ತೋಳ, ಕತ್ತೆಕಿರುಬಗಳ ಸೀಮೆ. ಅಲ್ಲಿ ಬೆನ್ನು ನೆಟ್ಟಗಾಗಲು ಯಾವ ಆಸನವೂ ಬೇಡ, ಹಿಂದೆ ಒಣಗಿದೆಲೆ ಚರಪರ ಎಂದರೆ ಸಾಕು.

ಅಷ್ಟು ಗುಂಡಿಗೆ ಇಲ್ಲದವರಿಗೆ ಲಕ್ಷ್ಮೇಶ್ವರದ ಸುತ್ತ ಎರೆಹೊಲದ ದಾರಿಗಳಿವೆ. ತೊಡಕೆಂದರೆ, ಈ ದಿನಗಳಲ್ಲೇ ಹೊಲದಲ್ಲಿ ಸೀತನಿ, ಅಂದರೆ ಜೋಳದ ಎಳೆ ತೆನೆ, ಸುಡುತ್ತಾರೆ. ಬೂದಿಯಲ್ಲಿ ಬೆಂದ ತೆನೆಯನ್ನು ಬಡಿದು, ಬಿಸಿ ಕಾಳನ್ನು ಬೊಗಸೆಗೆ ಸುರಿದು, ಮೇಲೆ ಶೇಂಗಾ ಚಟ್ನಿ ಉದುರಿಸಿದರೆ ನಡಿಗೆ ಅಲ್ಲೇ ಠಿಕಾಣಿ. ತಪ್ಪಿಸಿಕೊಂಡು ಊರು ಸೇರಿದವರನ್ನು ಗಿರಮಿಟ್ಟು-ಮಿರ್ಚಿ ಅಡ್ಡಗಟ್ಟುತ್ತವೆ. ಬೆನ್ನು ಗಳಿಸಿದ್ದೆಲ್ಲ ಹೊಟ್ಟೆಯ ಖಾತೆಗೆ ಜಮಾ.

ಮನೆಯಲ್ಲಿ ಅಂತಿಮ ತಪಾಸಣೆ: "ಗುಡ್ಡಾ ಸುತ್ತಾಕ ಬರೂ ಸೊಂಟ, ಸಂತೀಗೆ ಹೋಗಿ ಕಾಯಿಪಲ್ಲೆ ತರ್ರಿ ಅಂದ್ರ ಯಾಕ್ರೀ ಹಿಡೀತೈತಿ?"